ಡಬ್ಬದ ಮೇಲಿನ ‘ಚಾಲೂ’

ಸೋಮವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರ ನೂರೀನಳ ಕಾರು ನಿಂತಿತು. ಇಂಜಿನ್ ಓಡುತ್ತಲೇ ಇತ್ತು. ಚಕ್ರ ಮಾತ್ರ ಅಲ್ಲಾಡಲಿಲ್ಲ.

ಹಿಂದಿನ ದಿನವಷ್ಟೇ ಬಸವಕಲ್ಯಾಣದಲ್ಲಿ, ಅವಳ ಮನೆಯಂಗಳದಲ್ಲಿ, ಆ ಕಾರಿನ ಗೇರ್‌ಬಾಕ್ಸಿನ ಎಣ್ಣೆ ಮತ್ತು ಫಿಲ್ಟರ್ ಬದಲಿಸಿದವನು ಎದುರುಮನೆಯ ಧನರಾಜ. ಇಪ್ಪತ್ತೆರಡು ವರ್ಷಗಳ ಟ್ರ್ಯಾಕ್ಟರ್ ಮೆಕ್ಯಾನಿಕ್. ನಾರಾಯಣಪುರದಿಂದ ಗೋರ್ಟಾದವರೆಗೆ ಜನ ಅವನನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಆಟೋಮ್ಯಾಟಿಕ್ ಗಾಡಿಗೆ ಅವನು ಕೈ ಹಚ್ಚಿದ್ದು ಅದೇ ಮೊದಲು. ಅದನ್ನು ಯಾರಿಗೂ ಹೇಳಿರಲಿಲ್ಲ.

ನೂರೀನಳ ಎಡಮೊಣಕಾಲಿನಲ್ಲಿ ಸ್ಟೀಲ್ ಪ್ಲೇಟ್ ಇದೆ, ಕ್ಲಚ್ ಒತ್ತಲಾಗದು. ಹುಮನಾಬಾದಿನ ಶಾಲೆಗೆ ಪಾಠ ಹೇಳಲು ಹೋಗಿಬರುವುದಕ್ಕೆಂದೇ ಹಳೆಯ ಆಟೋಮ್ಯಾಟಿಕ್ ಕಾರು ಕೊಂಡಿದ್ದಳು. ಅಲ್ಲಿ ಬಿಡಿಭಾಗಗಳ ಅಂಗಡಿಯ ಅಲ್ತಾಫ್, ಗಾಡಿ ಬಿಟ್ಟು ಹೋದರೆ ತಾನೇ ಎಣ್ಣೆ ಬದಲಿಸುವುದಾಗಿ ಹೇಳಿದ್ದ. ಅದನ್ನು ಕೇಳಿ ಧನರಾಜ ನಕ್ಕಿದ್ದ.

“ಟ್ರ್ಯಾಕ್ಟರ್ ಗೇರ್‌ಬಾಕ್ಸ್ ಕಣ್ಣು ಮುಚ್ಚಿ ಬಿಚ್ಚತೀನ್ರಿ ಟೀಚರ್. ಇದೇನು, ಹಳೇ ಎಣ್ಣಿ ಇಳಸೋದು, ಹೊಸಾದು ಹಾಕೋದು. ನೀವು ಸಾಮಾನು ತರ್ರಿ ಸಾಕು.”

ಅವಳು ತಂದಳು. ಎಣ್ಣೆ ಡಬ್ಬದ ಮುಚ್ಚಳದ ಮೇಲೆ ಅಲ್ತಾಫ್ ಕಪ್ಪು ಮಾರ್ಕರಿನಲ್ಲಿ ಒಂದೇ ಪದ ಬರೆದಿದ್ದ: ಚಾಲೂ. ಈ ಕಡೆ ಚಾಲೂ ಮಾಲು ಎಂದರೆ ಅಗ್ಗದ, ಕಳಪೆ ಸರಕು. ಧನರಾಜ ಹಾಗೆಯೇ ಓದಿಕೊಂಡ. ಹೇಳಲೇ ಎಂದು ಬಾಯಿ ತೆರೆದ. ಆದರೆ ಅಷ್ಟರಲ್ಲಿ ಕಾರು ಮರದ ದಿಮ್ಮಿಗಳ ಮೇಲೆ ಏರಿತ್ತು, ಕಪ್ಪಾದ ಎಣ್ಣೆ ಬೋಗುಣಿಗೆ ಇಳಿದಿತ್ತು, ಓಣಿಯ ನಾಲ್ಕು ಮಂದಿ ನೋಡುತ್ತ ನಿಂತಿದ್ದರು. ಬಾಯಿ ಮುಚ್ಚಿಕೊಂಡ.

ತಳದ ತಟ್ಟೆಯ ಹದಿನಾಲ್ಕು ಬೋಲ್ಟ್ ಬಿಚ್ಚಿದ. ಫಿಲ್ಟರ್ ಬದಲಿಸಿ, ಆಯಸ್ಕಾಂತಕ್ಕೆ ಅಂಟಿದ್ದ ಕಬ್ಬಿಣದ ಹುಡಿ ಒರೆಸಿ, ತಟ್ಟೆ ಕೂಡಿಸಿದ. ಅಲ್ಲಿಯವರೆಗೆ ಒಂದೂ ತಪ್ಪಿರಲಿಲ್ಲ. ಹೊಸ ಎಣ್ಣೆ ಪೂರ್ತಿ ಸುರಿದ ಮೇಲೆ, ಟ್ರ್ಯಾಕ್ಟರಿಗೆ ನೋಡುವಂತೆ, ಇಂಜಿನ್ ಬಂದ್ ಇಟ್ಟು ಅಳತೆಕಡ್ಡಿ ಎಳೆದ. ಎಣ್ಣೆ ಮೇಲಿನ ಗೆರೆ ದಾಟಿತ್ತು. ಹೆಚ್ಚಾಯಿತೆಂದು ಒಂದೂವರೆ ಲೀಟರ್ ವಾಪಸ್ ತೆಗೆದು ಡಬ್ಬಕ್ಕೆ ಹಾಕಿ, ಡಬ್ಬವನ್ನು ಡಿಕ್ಕಿಯಲ್ಲಿಟ್ಟ.

ಸೋಮವಾರ ಫೋನ್ ಬಂದಾಗ ಅವನು ಚಹಾ ಕುಡಿಯುತ್ತಿದ್ದ.

“ಧನರಾಜಣ್ಣ, ಗಾಡಿ ಮುಂದಕ್ಕ ಹೋಗವಲ್ದು.”

“ನನ್ನ ಕೆಲಸದಾಗ ಏನೂ ಫರಕ್ ಇಲ್ರಿ ಟೀಚರ್. ಅಲ್ತಾಫ ಚಾಲೂ ಮಾಲ್ ಕೊಟ್ಟಾನ. ಡಬ್ಬದ ಮ್ಯಾಲ ಅವನೇ ಬರದಾನ, ನೋಡ್ರಿ.”

ಮಾತು ಎಷ್ಟು ಸಲೀಸಾಗಿ ಬಂತೆಂದು ಹುಮನಾಬಾದಿನ ಬಸ್ಸಿನಲ್ಲಿ ಕೂತ ಮೇಲೆ ಅವನಿಗೇ ಅಳುಕಾಯಿತು.

ಹುಮನಾಬಾದಿನಲ್ಲಿ ಅವನು ಇಳಿಯುವ ಹೊತ್ತಿಗೆ ಕಾರನ್ನು ತಳ್ಳಿಕೊಂಡು ಅಲ್ತಾಫನ ಅಂಗಡಿ ಮುಂದೆ ನಿಲ್ಲಿಸಿದ್ದರು. ಧನರಾಜ ಹೇಳಿದ್ದನ್ನು ನೂರೀನ್ ಒಂದಕ್ಷರ ಬಿಡದೆ ಅಲ್ತಾಫನಿಗೆ ಹೇಳಿಯಾಗಿತ್ತು.

“ಬರ್ರಿ ಉಸ್ತಾದ್,” ಎಂದ ಅಲ್ತಾಫ್. ಡಿಕ್ಕಿಯಿಂದ ತೆಗೆದ ಡಬ್ಬ ಅವನ ಕೈಯಲ್ಲಿತ್ತು. “ನನ್ನ ಮಾಲ್ ಚಾಲೂ ಅಂತಲ್ಲ? ಇಂಜಿನ್ ಚಾಲೂ ಇಟ್ಟು ಅಳತಿ ನೋಡ್ರಿ ಅಂತ ಬರದಿದ್ದೆ. ಮುಚ್ಚಳದ ಮ್ಯಾಲ ಜಾಗ ಇದ್ದದ್ದಽ ಅಷ್ಟು.”

ಧನರಾಜ ಮುಚ್ಚಳವನ್ನು ಇನ್ನೊಮ್ಮೆ ಓದಿದ.

ಅಲ್ತಾಫ್ ಇಂಜಿನ್ ಚಾಲೂ ಮಾಡಿದ. ಬ್ರೇಕ್ ಒತ್ತಿ ಹಿಡಿದು ಗೇರಿನ ಹಿಡಿಯನ್ನು ಒಂದೊಂದೇ ಗೇರಿಗೆ ಆಡಿಸಿ ಪಾರ್ಕಿಂಗಿಗೆ ತಂದ. ಅಳತೆಕಡ್ಡಿ ಎಳೆದು ಧನರಾಜನ ಮುಂದೆ ಹಿಡಿದ. ತುದಿಯಷ್ಟೇ ಒದ್ದೆಯಾಗಿತ್ತು.

“ಚಾಲೂ ಇದ್ದಾಗ ಎಣ್ಣಿ ಮ್ಯಾಲ ಗೇರ್‌ಬಾಕ್ಸಿನಾಗ ಏರತದ, ಬಂದ್ ಮಾಡಿದ್ರ ತಳದ ತಟ್ಟಿಗೆ ಇಳೀತದ, ಕಡ್ಡಿ ಜಾಸ್ತಿ ತೋರಸ್ತದ. ನೀವು ಇಳದದ್ದು ನೋಡೀರಿ.”

ಡಬ್ಬದಲ್ಲಿದ್ದ ಅದೇ ಒಂದೂವರೆ ಲೀಟರನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು, ನಡುನಡುವೆ ಕಡ್ಡಿ ನೋಡಿದ. ಹನ್ನೆರಡು ನಿಮಿಷ ಹಿಡಿಯಿತು. ನೂರೀನ್ ಕೂತು ಗೇರ್ ಹಾಕಿದಳು. ಕಾರು ಚಲಿಸಿತು.

“ತಪ್ಪು ನಂದಽ ಅದ,” ಎಂದ ಧನರಾಜ, ನೆಲ ನೋಡುತ್ತ.

“ಜರಾ ಜೋರಾಗಿ ಹೇಳ್ರಿ. ಚಾಲೂ ಮಾಲ್ ಅಂದದ್ದು ಬಕ್ಕಪ್ಪನ ಚಾದಂಗಡಿ ತನಕ ಕೇಳ್ಯಾದ.”

“ನನ್ನ ಕಿವಿ ಛಲೋ ಅವ, ಹೇಳಿ ಮುಗಸ್ರಿ,” ಎಂದ ಪಕ್ಕದ ಅಂಗಡಿಯಿಂದ ಬಕ್ಕಪ್ಪ. ಬೆಂಚಿನ ಮೇಲಿದ್ದ ಮೂವರು ನಕ್ಕರು.

ಧನರಾಜ ಅವರ ಕಡೆ ತಿರುಗಿದ. ಅಲ್ತಾಫನ ಎಣ್ಣೆ ಸರಿಯಿದೆ, ತಾನು ಅಳತೆ ನೋಡಿದ್ದೇ ತಪ್ಪು ಎಂದು ಅವರಿಗೆ ಕೇಳುವಂತೆ ಹೇಳಿದ. ಮಾತು ಇಲ್ಲಿಗೆ ಮುಗಿಯಿತು ಎಂದುಕೊಂಡ.

ನೂರೀನ್ ಕಾರಿನಿಂದ ಇಳಿಯದೆ ಕೇಳಿದಳು. “ಅದು ಇರ್ಲಿ ಅಣ್ಣ. ಚಾಲೂ ಮಾಲ್ ಅಂತ ಓದಿದ ಮ್ಯಾಲ ನನ್ನ ಗಾಡಿಗೆ ಯಾಕ ಹಾಕಿದ್ರಿ?”

ಬೆಂಚಿನ ನಗು ನಿಂತಿತು. ಅಲ್ತಾಫ್ ಕೈ ಒರೆಸಿಕೊಳ್ಳತೊಡಗಿದ. ಈ ಪ್ರಶ್ನೆಯನ್ನು ಧನರಾಜ ತನಗೆ ತಾನೇ ಕೇಳಿಕೊಂಡಿರಲಿಲ್ಲ. ಓದಿದ್ದು ತಪ್ಪಾದರೂ, ಕಳಪೆ ಎಂದು ನಂಬಿಯೇ ಸುರಿದಿದ್ದ.

“ಓಣಿ ಮಂದಿ ನಿಂತಿದ್ರು ಟೀಚರ್,” ಎಂದ. “ಕೆಲಸ ನಿಲ್ಲಿಸಿದ್ರ, ನನಗ ಈ ಗಾಡಿದು ಬರೂದಿಲ್ಲ ಅಂತಾರಂತ ಅನಸ್ತು. ಖರೇನಽ ಬರತಿದ್ದಿಲ್ಲ.”

ಅವಳು ಗಡಿಯಾರ ನೋಡಿದಳು. ಮೊದಲ ಪಿರಿಯಡ್ ಮುಗಿದಿತ್ತು. “ಬರ್ತೀನ್ರಿ,” ಎಂದು ಅಲ್ತಾಫನಿಗೆ ಹೇಳಿ ಶಾಲೆಯ ಕಡೆ ಹೊರಟಳು.

ಧನರಾಜ ಹನ್ನೊಂದೂ ಹತ್ತರ ಬಸ್ಸಿಗೆ ಬಸವಕಲ್ಯಾಣಕ್ಕೆ ಮರಳಿದ. ಎಣ್ಣೆಯ ಮಟ್ಟವನ್ನು ವಾರದ ನಂತರ ಇನ್ನೊಮ್ಮೆ ನೋಡಬೇಕಿತ್ತು. ಮುಂದಿನ ಭಾನುವಾರ, ಶಾಲೆ ಇಲ್ಲದಿದ್ದರೂ, ನೂರೀನ್ ಕಾರು ತೆಗೆದುಕೊಂಡು ಹುಮನಾಬಾದಿಗೆ, ಅಲ್ತಾಫನ ಅಂಗಡಿಗೆ, ಹೋದಳು.