ಗುಬ್ಬಿಯ ಬದಲು ಕುಣಿಗಲ್ಲಿಗೆ ಹೋದ ಕರೆಗಳು

2003ರಲ್ಲಿ ಅನಂತಕೃಷ್ಣ ತುಮಕೂರಿನ ಬಿ.ಎಚ್. ರಸ್ತೆಯ ಒಂದು ಮಹಡಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟಿದ್ದ. ಅಂಗಡಿ ಎಂದರೆ ಎರಡು ಕಂಪ್ಯೂಟರು, ಒಂದು ಪ್ಲೈವುಡ್ ಪಾರ್ಟಿಷನ್ನು, ಜೊತೆಗೆ ಕೆಲಸ ಮಾಡುವ ಸ್ವರ್ಣಲತಾ. ಊರಲ್ಲಿ ಆ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ತಾನೇ ಮುಂದು ಎಂಬ ನಂಬಿಕೆ ಅವನಿಗಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ.

ಆ ಬೇಸಿಗೆಯಲ್ಲಿ ಗುಬ್ಬಿಯಿಂದ ಪರಮಶಿವಯ್ಯ ಬಂದರು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ರಕ್ತ ಕೊಡಲು ಒಪ್ಪಿದ ಆರುನೂರು ಜನರ ಪಟ್ಟಿ ಅವರ ಬಳಿ ಇತ್ತು. ಯಾರಾದರೂ ಫೋನ್ ಮಾಡಿದರೆ ಹತ್ತಿರದವರನ್ನು ಹುಡುಕಿ ಕಳಿಸುತ್ತಿದ್ದರು. ಬೆಂಗಳೂರಿನ ಆಸ್ಪತ್ರೆ ಸೇರಿದ ನಮ್ಮ ಜಿಲ್ಲೆಯವರಿಗೂ ಇದು ಗೊತ್ತಾಗಲೆಂದು ವೆಬ್‌ಸೈಟ್ ಬೇಕಿತ್ತು. ಅವರು ಕೇಳಿದ್ದು ಒಂದೇ.

“ನಮ್ಮನೆ ಫೋನ್ ನಂಬರ್ನ ಮೇಲ್ಗಡೇನೇ ದಪ್ಪಕ್ಷರದಲ್ಲಿ ಹಾಕಿ. ರಕ್ತ ಬೇಕಾದವ್ರು ಗಾಬರೀಲಿರ್ತಾರೆ, ಹುಡುಕ್ತಾ ಕೂರಕ್ಕಾಗಲ್ಲ.”

ಅನಂತಕೃಷ್ಣ ತಲೆಯಾಡಿಸಿದ. ಅವರು ಮೆಟ್ಟಿಲಿಳಿದ ಮೇಲೆ, ಇವರಿಗೆ ವೆಬ್‌ಸೈಟ್ ಯಾಕೆ, ಬಸ್ ಸ್ಟ್ಯಾಂಡಿನ ಗೋಡೆ ಸಾಕು ಎಂದು ನಕ್ಕ. ಅವನು ಮಾಡಿದ ಸೈಟಿನಲ್ಲಿ ಕಪ್ಪು ಪರದೆಯ ಮೇಲೆ ಒಂದು ರಕ್ತದ ಹನಿ ನಿಧಾನವಾಗಿ ಬಿದ್ದು, ಅಲೆಯಾಗಿ ಹರಡಿ, ಅದರೊಳಗಿಂದ ಹೆಸರು ಮೂಡುತ್ತಿತ್ತು. ಫೋನ್ ನಂಬರು ಕೊನೆಯ ಪುಟದಲ್ಲಿ, ಸಣ್ಣ ಬೂದು ಅಕ್ಷರದಲ್ಲಿತ್ತು.

ಪರಮಶಿವಯ್ಯ ಗುಬ್ಬಿಯ ಬ್ರೌಸಿಂಗ್ ಸೆಂಟರಿನಲ್ಲಿ ನೋಡಿ ಫೋನ್ ಮಾಡಿದರು. ಅರ್ಧ ಗಂಟೆ ಕೂತರೂ ಹನಿ ಬಿದ್ದು ಮುಗಿಯಲಿಲ್ಲ, ಮುಂದಿನ ಪುಟ ಬರಲೇ ಇಲ್ಲ, ನೀವೇ ಒಂದು ಸಲ ಎಲ್ಲ ಓದಿಬಿಡಿ ಎಂದರು. ಅಲ್ಲಿನ ಲೈನ್ ನಿಧಾನ ಸಾರ್, ಎಲ್ಲ ಸರಿಯಿದೆ ಎಂದ ಅನಂತಕೃಷ್ಣ. ಓದಲಿಲ್ಲ. ಓದಿದ್ದರೆ, ಗುಬ್ಬಿಯ ಎಸ್‌ಟಿಡಿ ಕೋಡ್ 08131 ಇರಬೇಕಾದ ಕಡೆ ಕುಣಿಗಲ್ಲಿನ 08132 ಕೂತಿರುವುದು ಕಾಣುತ್ತಿತ್ತು.

ಮುಂದಿನ ನಾಲ್ಕು ತಿಂಗಳಲ್ಲಿ ಪರಮಶಿವಯ್ಯ ಮೂರು ಸಲ ಅಂಗಡಿಗೆ ಬಂದರು. ಹನಿ ತೆಗೆಯಿರಿ, ಬಣ್ಣ ಬದಲಿಸಿ ಎನ್ನಲು ಬಂದಿದ್ದಾರೆಂದು ತಿಳಿದು, ಮೂರು ಸಲವೂ ಅನಂತಕೃಷ್ಣ ಪಾರ್ಟಿಷನ್ನಿನ ಹಿಂದೆ ಸರಿದು, ತಾನಿಲ್ಲವೆಂದು ಸ್ವರ್ಣಲತಾಳಿಂದ ಹೇಳಿಸಿದ. ನನಗೇ ಹೇಳಿ ಎಂದು ಅವಳು ಕೇಳಿದರೆ, ಅವರಿಗೇ ಹೇಳಬೇಕಾದ ವಿಷಯ, ಬೇರೆಯವರ ಎದುರು ಹೇಳಿದರೆ ಬೇಜಾರು ಮಾಡಿಕೊಂಡಾರು ಎಂದರು. ಮೂರನೆಯ ಸಲ ಒಂದು ಗಂಟೆ ಕಾದರು. ಅಷ್ಟು ಹೊತ್ತೂ ಅವನು ಕೀಬೋರ್ಡ್ ಮುಟ್ಟದೆ, ಕೆಮ್ಮು ತಡೆದುಕೊಂಡು ಕೂತಿದ್ದ. ಹೊರಡುವ ಮುಂಚೆ ಅವರು ಚೀಟಿಯೊಂದನ್ನು ಮಡಿಸಿ ಕೊಟ್ಟು ಹೋದರು.

ಸೈಟಿನಲ್ಲಿ ಎಸ್‌ಟಿಡಿ ಕೋಡ್ ತಪ್ಪಿದೆ, ಕರೆಗಳು ಕುಣಿಗಲ್ಲಿನ ತುಳಸಮ್ಮ ಎಂಬುವರ ಮನೆಗೆ ಹೋಗುತ್ತಿವೆ, ಪಾಪ ಅವರೇ ನನಗೆ ತಿಳಿಸುತ್ತಿದ್ದಾರೆ, ದಯವಿಟ್ಟು ಸರಿಮಾಡಿ ಎಂದು ಬರೆದಿತ್ತು. ಕೆಳಗೆ ತುಳಸಮ್ಮನವರ ವಿಳಾಸ. ಕೊನೆಗೆ, ತಪ್ಪು ಯಾರಿಂದಲಾದರೂ ಆಗುತ್ತದೆ ಎಂಬ ಸಾಲು.

ಅನಂತಕೃಷ್ಣ ಚೀಟಿಯನ್ನು ಎರಡು ಸಲ ಓದಿದ.

“ನೀನು ಒಳಗಿರೋದು ಅವ್ರಿಗೆ ಗೊತ್ತಿತ್ತು ಕಣೋ,” ಎಂದಳು ಸ್ವರ್ಣಲತಾ. “ನಿನ್ ಚಪ್ಲಿ ಬಾಗ್ಲಲ್ಲೇ ಇತ್ತು. ಅದನ್ನೇ ನೋಡ್ತಾ ಕೂತಿದ್ರು.”

ಒಂದು ಅಂಕಿ ತಿದ್ದಲು ಒಂದು ನಿಮಿಷ ಸಾಕಾಯಿತು. ಮಾರನೆಯ ದಿನ ಅವನು ಕುಣಿಗಲ್ ಬಸ್ಸು ಹತ್ತಿದ.

ತುಳಸಮ್ಮ ಅರವತ್ತರ ಹತ್ತಿರದವರು, ಒಂಟಿ ಹೆಂಗಸು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಹೊಲಿಗೆ ಮೆಷೀನಿನ ಪಕ್ಕದಲ್ಲೇ ಫೋನು. ಆ ವೆಬ್‌ಸೈಟ್ ಮಾಡಿದವನು ನಾನೇ ಎಂದು ಅವನು ಹೊಸಿಲಲ್ಲೇ ಹೇಳಿದ. ಅವರು ಕೂರಿಸಿ ನೀರು ಕೊಟ್ಟು, ನಡೆದದ್ದನ್ನು ಹೇಳಿದರು. ಮೊದಮೊದಲು ರಾಂಗ್ ನಂಬರ್ ಎಂದು ಗದರಿ ಇಡುತ್ತಿದ್ದರಂತೆ. ಒಬ್ಬರು ಅಳುತ್ತಾ, ಇದು ಗುಬ್ಬಿ ಪರಮಶಿವಯ್ಯನವರ ಮನೆಯಲ್ಲವೇ ಎಂದಾಗ, ತಮ್ಮ ನಂಬರಿಗೇ ಗುಬ್ಬಿಯ ಕೋಡ್ ಸೇರಿಸಿ ಮಾಡಿ ನೋಡಿದರಂತೆ. ಎತ್ತಿದ್ದು ಪರಮಶಿವಯ್ಯನವರೇ. ಅಂದಿನಿಂದ ಕರೆ ಬಂದರೆ ಹೆಸರು, ಆಸ್ಪತ್ರೆ, ರಕ್ತದ ಗುಂಪು, ಫೋನು ಬರೆದುಕೊಂಡು ಗುಬ್ಬಿಗೆ ತಿಳಿಸುವುದು ಅವರದೇ ಕೆಲಸವಾಗಿತ್ತು. ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಹೆಸರಿದ್ದವು.

“ಸಿಟ್ಟೇನಿಲ್ಲ ಕಣಪ್ಪ ನಂಗೆ. ಶ್ರಾವಣದಲ್ಲಿ ಯಡಿಯೂರಿಗೆ ತಂಗಿ ಮನೆಗೆ ಹೋಗಿ ಮೂರು ದಿನ ಇದ್ಬುಟ್ಟೆ. ಆವಾಗ ಫೋನು ಒಂದೇ ಸಮ ಹೊಡ್ಕೊಂತಿತ್ತಂತೆ, ಪಕ್ಕದ್ಮನೆಯವ್ರು ಹೇಳಿದ್ರು. ಯಾರ್ ಮಾಡಿದ್ರೋ, ಏನಾದ್ರೋ. ಅದನ್ನ ನೆನೆಸ್ಕೊಂಡ್ರೆ ಅನ್ನ ಇಳಿಯಲ್ಲ.”

ಆಮೇಲೆ ಅವರು ಊರು ಬಿಟ್ಟು ಕದಲಿರಲಿಲ್ಲ. ಮಾರ್ಕೋನಹಳ್ಳಿಯಲ್ಲಿ ತಂಗಿಯ ಮಗಳ ಮದುವೆಗೂ ಸೀರೆ ಕಳಿಸಿ ಸುಮ್ಮನಾಗಿದ್ದರು.

ಅನಂತಕೃಷ್ಣ ಬಸ್ಸಿನಲ್ಲಿ ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದ. ತಪ್ಪು ಮಾಡಿದವನು ತಾನು. ಮೂರು ದಿನ ತಂಗಿಯ ಮನೆಗೆ ಹೋದದ್ದಕ್ಕೆ ಕೊರಗುತ್ತಿದ್ದವರು ಇವರು. ಅವನು ನೆಲ ನೋಡುತ್ತಾ ನೋಟ್‌ಬುಕ್ ಕೊಡುವಿರಾ ಎಂದು ಕೇಳಿದ. ಅದರಲ್ಲಿರುವವರಿಗೆಲ್ಲ ನಾನೇ ಫೋನ್ ಮಾಡಿ ಸರಿಯಾದ ನಂಬರು ಕೊಡುತ್ತೇನೆ ಎಂದ.

ನೋಟ್‌ಬುಕ್ ತೆಗೆದುಕೊಂಡು ಅಲ್ಲಿಂದ ಗುಬ್ಬಿಗೆ ಹೋದ. ಪರಮಶಿವಯ್ಯ ಚಪ್ಪಲಿಯ ಮಾತೆತ್ತಲಿಲ್ಲ, ಅವನೇ ಎತ್ತಿದ. “ಒಳಗೇ ಇದ್ದೆ ಸಾರ್. ಮೂರು ಸಲಾನೂ.” ಅವರು, ಬಿಡಿ, ಕಾಫಿ ಕುಡೀರಿ ಎಂದರು. ಹೊಸ ಪುಟ ಹೇಗಿರಬೇಕೆಂದು ಇಬ್ಬರೂ ಕೂತು ಕಾಗದದ ಮೇಲೆ ಬರೆದರು. ಬಿಳಿ ಹಾಳೆ, ಮೇಲೆ ದಪ್ಪಗೆ ನಂಬರು, ಕೆಳಗೆ ಗುಂಪುಗಳ ಪಟ್ಟಿ.

ವಾರವಿಡೀ ಅವನು ಅಂಗಡಿಯಿಂದ ಒಬ್ಬೊಬ್ಬರಿಗೇ ಫೋನ್ ಮಾಡಿದ. ಕೆಲವರು ತುಳಸಮ್ಮನವರನ್ನು ನೆನೆದರು. ಹಾಗಲವಾಡಿಯ ಪುಟ್ಟರಂಗಯ್ಯ ಎಂಬುವರು ಮಾತ್ರ, ಮೊದಲೆರಡು ದಿನ ಎಷ್ಟು ಹೊಡೆದರೂ ಯಾರೂ ಎತ್ತಲಿಲ್ಲ, ಮೂರನೇ ದಿನ ಆ ಅಮ್ಮ ಸಿಕ್ಕಿದರು ಎಂದರು. ತಿಂಗಳು ಕೇಳಿದ. ಶ್ರಾವಣ.

ಸುಮ್ಮನೆ ಫೋನ್ ಇಡಬಹುದಿತ್ತು. ಇಡಲಿಲ್ಲ. ಆ ನಂಬರನ್ನು ತಪ್ಪಾಗಿ ಹಾಕಿದವನು ನಾನು ಎಂದು ಹೇಳಿ, ಈಗ ಮನೆಯವರು ಹೇಗಿದ್ದಾರೆ ಎಂದು ಕೇಳಿದ.



“ನಮ್ಮನೆಯವ್ಳು ಚೆನ್ನಾಗವ್ಳೆ. ಆ ಎರಡು ದಿನದ್ದು ಮಾತ್ರ ಕೇಳ್ಬೇಡಿ,” ಎಂದರು ಪುಟ್ಟರಂಗಯ್ಯ. ಆಮೇಲೆ ಹೊಸ ನಂಬರನ್ನು ಎರಡು ಸಲ ಹೇಳಿಸಿ ಬರೆದುಕೊಂಡರು.

ಅನಂತಕೃಷ್ಣ ಮೊದಲು ಕುಣಿಗಲ್ಲಿಗೆ ಫೋನ್ ಮಾಡಿ ಶ್ರಾವಣದಲ್ಲಿ ಫೋನ್ ಮಾಡಿದ್ದವರು ಸಿಕ್ಕಿದರು, ಅವರ ಮನೆಯವರು ಚೆನ್ನಾಗಿದ್ದಾರೆ ಎಂದು ತುಳಸಮ್ಮನವರಿಗೆ ತಿಳಿಸಿದ. ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಭಾನುವಾರ ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದರು. ಫೋನ್ ಇಟ್ಟ ಮೇಲೆ ಸ್ವರ್ಣಲತಾ ಏನಾಯಿತೆಂದು ಕೇಳಿದಳು. ಅವನು ಅವಳ ಮುಖ ನೋಡದೆ ಎಲ್ಲವನ್ನೂ ಹೇಳಿದ. ನೋಟ್‌ಬುಕ್ಕಿನ ಹಾಳೆ ತಿರುಗಿಸಿದಾಗ ಫೋನ್ ಮಾಡಲು ಇನ್ನೂ ಹನ್ನೆರಡು ಹೆಸರು ಉಳಿದಿದ್ದವು.