ಸಿಂಗಪುರದ ಬಾಗಿಲಲ್ಲಿ ಮುಡಿ

ಸಾಲಿನಲ್ಲಿದ್ದವರ ಪಾಸ್‌ಪೋರ್ಟಿಗೆಲ್ಲ ಠಪ್ ಠಪ್ ಎಂದು ಮುದ್ರೆ ಬಿತ್ತು. ಚೆನ್ನಕೇಶವನನ್ನು ಮಾತ್ರ ಪಕ್ಕಕ್ಕೆ ನಿಲ್ಲಿಸಿದರು. ಕಿಟಕಿಯಾಚೆ ಸಿಂಗಪುರದ ನುಣ್ಣನೆಯ ರಸ್ತೆ ಬಿಸಿಲಿಗೆ ಹೊಳೆಯುತ್ತಿತ್ತು. ನಾಗಪಟ್ಟಣದಲ್ಲಿ ಹಡಗು ಹತ್ತಿ, ಪಿನಾಂಗಿನಲ್ಲಿ ಇಳಿದು, ಬೆನ್ನಿನ ಚೀಲವನ್ನೇ ದಿಂಬು ಮಾಡಿಕೊಂಡು ಬಸ್ಸಿನಿಂದ ಬಸ್ಸಿಗೆ ಹಾರುತ್ತ ಮಲೇಷ್ಯಾ ದಾಟಿ ಬಂದದ್ದು ಈ ರಸ್ತೆಗಾಗಿ. ಇನ್ನೇನು ನಾಲ್ಕು ಹೆಜ್ಜೆ.

"ಏನಂತೆ ಮಾವ?"

ಸೋದರಮಾವ ಪಾಪಣ್ಣ ಗೋಡೆಯ ಮೇಲಿನ ಚಿತ್ರ ತೋರಿಸಿದ. ಕಿವಿ ಮುಚ್ಚಿ ಕಾಲರಿನ ಮೇಲೆ ಇಳಿಬಿದ್ದ ಕೂದಲಿನ ಗಂಡಸಿನ ಚಿತ್ರ ಅದು; ಆ ಎಪ್ಪತ್ತರ ದಶಕದಲ್ಲಿ ಅಲ್ಲಿನ ಕಚೇರಿಗಳಲ್ಲೆಲ್ಲ ಅಂಟಿಸಿರುತ್ತಿದ್ದರು.

"ಕೂದ್ಲು ಕಣ್ಲಾ. ಉದ್ದ ಕೂದ್ಲು ಬಿಟ್ಟ ಗಂಡಸ್ರನ್ನ ಒಳೀಕೆ ಬಿಡಾಕಿಲ್ವಂತೆ."

ಮಾವ ಎಂದರೆ ಇವನಿಗಿಂತ ಒಂದೆರಡು ವರ್ಷ ದೊಡ್ಡವನು, ಅಷ್ಟೆ. ಇಬ್ಬರೂ ತಮಿಳುನಾಡಿಗೆ ಸೇರಿದ ಬಾಗಲೂರಿನ ಒಂದೇ ಅಂಗಳದಲ್ಲಿ ಬಿದ್ದು ಎದ್ದವರು, ಹೊಸೂರಿನ ಒಂದೇ ಕಾರ್ಖಾನೆಯಲ್ಲಿ ಶಿಫ್ಟು ಮಾಡುವವರು. ಗಡಿ ಎಂದರೆ ಅವರಿಗೆ ಅತ್ತಿಬೆಲೆ ಚೆಕ್‌ಪೋಸ್ಟು. ಅಲ್ಲಿ ಲಾರಿ ತಡೆಯುತ್ತಾರೆ, ಲೋಡು ನೋಡುತ್ತಾರೆ. ತಲೆಯನ್ನು ಯಾರೂ ನೋಡುವುದಿಲ್ಲ.

ಷೋಕಿಗೆ ಬಿಟ್ಟ ಕೂದಲಾಗಿದ್ದರೆ ಚೆನ್ನಕೇಶವ ಆಗಿಂದಾಗಲೇ ತಲೆ ಒಡ್ಡುತ್ತಿದ್ದ. ಹೋದ ವರ್ಷ ಕಾಮಾಲೆಯಾಗಿ ಅವನು ಹಾಸಿಗೆ ಹಿಡಿದಾಗ, ಮಗ ಎದ್ದು ಓಡಾಡಿದರೆ ತಿರುಪತಿಗೆ ಮುಡಿ ಕೊಡಿಸುತ್ತೇನೆಂದು ತಾಯಿ ನಾರಾಯಣಮ್ಮ ಹರಕೆ ಹೊತ್ತಿದ್ದಳು. ಬರುವ ಶ್ರಾವಣದವರೆಗೆ ಕತ್ತರಿ ಸೋಕಿಸುವಂತಿರಲಿಲ್ಲ. ಇಲ್ಲಿ ನೋಡಿದರೆ ಮೂಲೆಯಲ್ಲೇ ಕ್ಷೌರಿಕನ ಸ್ಟೂಲು. ಕತ್ತರಿಸಿಕೊಂಡರೆ ಒಳಗೆ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

"ವಾಪಸ್ ಹೋಗೋಣ ಮಾವ. ದೇವ್ರ ಕೂದ್ಲು ಕಳ್ಕೊಂಡು ಅಮ್ಮನ ಮುಖ ಹೆಂಗ್ ನೋಡ್ಲಿ?"

ಬಾಯಿ ಹಾಗೆಂದರೂ ಕಣ್ಣು ಕಿಟಕಿಯಾಚೆಯೇ ಇತ್ತು. ಪಾಪಣ್ಣ ಅದನ್ನು ಗಮನಿಸಿದ.

"ಹರಕೆ ಮುಡೀಗೆ ಮೊದ್ಲು ಕತ್ತರಿ ಹಾಕೋದು ಯಾರ್ಲಾ?"

"ಸೋದರಮಾವ."

"ಮತ್ತೆ ನಾನೇನು ದಾರೀಲಿ ಹೋಗೋ ದಾಸಯ್ಯನಾ? ಇಲ್ಲೇ ಮುಡಿ ತೆಗ್ದು ಮುಡಿಪು ಕಟ್ತೀನಿ. ಶ್ರಾವಣದಾಗೆ ಬೆಟ್ಟ ಹತ್ತಿ ಹುಂಡೀಗೆ ಹಾಕಾನ. ಅಕ್ಕಂಗೆ ನಾನ್ ಹೇಳ್ತೀನಿ, ಏಳು."

ಕೌಂಟರಿನ ಅಧಿಕಾರಿ ತಮಿಳರವನು. ಶಾಲೆಯಲ್ಲಿ ಕಲಿತ ತಮಿಳನ್ನೆಲ್ಲ ಒಟ್ಟುಗೂಡಿಸಿಕೊಂಡು ಪಾಪಣ್ಣ ವಿಷಯ ಹೇಳಿದ. ಕಿವಿಯ ಮೇಲಕ್ಕೆ ಕತ್ತರಿಸಿದರೆ ಸಾಕು ಎಂದ ಅಧಿಕಾರಿ.

"ಪೋದಾದು ಸಾರ್. ಮೊಟ್ಟೈ! ತಿರುಪತಿ ಮೊಟ್ಟೈ!"

ಸಾಲದು, ಪೂರ್ತಿ ಬೋಳಾಗಬೇಕು ಎಂಬ ಈ ಬೇಡಿಕೆ ಕೇಳಿ ಅಧಿಕಾರಿ ಕುರ್ಚಿ ಬಿಟ್ಟೆದ್ದು ಬಂದ. ತಿರುಪತಿ ಯಾವ ಕಡೆ ಎಂದು ಪಾಪಣ್ಣ ಕೇಳಿದ್ದಕ್ಕೆ ಅವನು ಬಾಗಿಲಿಗೆ ಹೋಗಿ ಸಮುದ್ರ ನೋಡಿ, ಸೂರ್ಯನನ್ನು ನೋಡಿ, ಕೊನೆಗೆ ಶೌಚಾಲಯದ ಗೋಡೆಯತ್ತ ಕೈ ತೋರಿಸಿದ. ಸ್ಟೂಲು ಆ ಕಡೆಗೆ ತಿರುಗಿತು.

ಪಾಪಣ್ಣ ಚಪ್ಪಲಿ ಬಿಟ್ಟು, ಕೈ ತೊಳೆದು, ಮೊದಲ ಎಳೆಗೆ ಕತ್ತರಿ ಹಾಕಿದ.

"ಗೋವಿಂದಾ!"

ಇಡೀ ಕಟ್ಟಡ ತಿರುಗಿ ನೋಡಿತು. "ಗೋವಿಂದ," ಎಂದ ಅಧಿಕಾರಿ ಮೆಲ್ಲಗೆ. ಮುಂದಿನ ಸರದಿಗೆ ಕಾಯುತ್ತಿದ್ದ, ಸೊಂಟದವರೆಗೆ ಜಡೆ ಬಿಟ್ಟಿದ್ದ ಬಿಳಿಯನೊಬ್ಬ ಇದೂ ಇಲ್ಲಿನ ಕಾನೂನಿರಬೇಕೆಂದು ತಿಳಿದು ಗಟ್ಟಿಯಾಗಿ "ಗೋವಿಂದ!" ಎಂದು ಕೂಗಿದ. ಕ್ಷೌರಿಕ ನಗು ತಡೆಯಲಾರದೆ ಕತ್ತಿಯನ್ನು ದೂರ ಹಿಡಿದು ನಿಂತ. ಚೆನ್ನಕೇಶವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅಡುಗೆಗೆಂದು ತಂದಿದ್ದ ಅರಿಶಿನವನ್ನು ಹೊಸ ಟವೆಲ್ಲಿಗೆ ಬಳಿದು, ಒಂದು ಎಳೆಯೂ ನೆಲದಲ್ಲಿ ಉಳಿಯದಂತೆ ಆಯ್ದು ಪಾಪಣ್ಣ ಗಂಟು ಕಟ್ಟಿದ. ಠಪ್ ಎಂದು ಮುದ್ರೆ ಬಿತ್ತು. ಇಬ್ಬರೂ ಓಡಿಹೋಗಿ ಬಸ್ಸು ಹತ್ತಿದರು.

"ಅಮ್ಮ ಬೈತಾಳಾ ಮಾವ?"

"ಬೈತಾಳೆ. ಒಂದೀಟು ಅಳ್ತಾಳೆ. ಆಮೇಕೆ ಸಿಂಗಪುರ ಹೆಂಗಿತ್ಲಾ ಅಂತ ಕೇಳ್ತಾಳೆ. ಸರ್ಯಾಗ್ ನೋಡ್ಕೊ, ಹೇಳ್ಬೇಕಲ್ಲ."

ಬಸ್ಸು ಹೊರಟಿತು. ಬೋಳು ತಲೆಗೆ ಗಾಳಿ ತಣ್ಣಗೆ ಬಡಿಯಿತು. ಎತ್ತರದ ಕಟ್ಟಡಗಳು ಒಂದೊಂದಾಗಿ ಎದುರಾದವು. ಚೆನ್ನಕೇಶವ ಮಡಿಲಲ್ಲಿದ್ದ ಹಳದಿ ಗಂಟನ್ನು ಎತ್ತಿ, ಅದಕ್ಕೂ ಕಾಣುವಂತೆ ಕಿಟಕಿಗೆ ಹಿಡಿದ.