ತಲೆಗೆ ಮೂರು ಬಾಣ

ಆಗಸ್ಟ್ ಕೊನೆ. ಕ್ಯಾಲಿಫೋರ್ನಿಯದ ಫ್ರೀಮಾಂಟಿನ ಮೂಡಲ ಗುಡ್ಡದ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ಬುಡದಲ್ಲಿ ಗೇಣಿಗೆ ಹಿಡಿದ ತುಂಡು ನೆಲದಲ್ಲಿ ಚೆಲುವರಾಜು, ಗುರುಶಾಂತಪ್ಪ ಇಬ್ಬರೂ ಬೆಳಗಿನಿಂದ ಅವರೆ ಸಾಲಿಗೆ ಮಣ್ಣೇರಿಸುತ್ತಿದ್ದರು. ವಾರವೆಲ್ಲ ಕಾರ್ಖಾನೆ, ಶನಿವಾರ ಭಾನುವಾರ ಈ ಹೊಲ. ಕಾಡುಹಂದಿ ಬಂದು ಅರ್ಧ ಹೊಲ ಬಗೆದುಹಾಕಿತ್ತು. ಒಣಹುಲ್ಲಿಗೆ ಕಿಡಿ ಹಾರೀತು, ಬಂದೂಕು ಬೇಡ ಎಂದ ನೆಲದ ಯಜಮಾನ, ಒಬ್ಬ ಪೋರ್ಚುಗೀಸ್ ಮುದುಕ, ತನ್ನ ಬಿಲ್ಲನ್ನೂ ಆರು ಬಾಣಗಳನ್ನೂ ಕೊಟ್ಟು, ಆರನ್ನೂ ಒಯ್ಯಿರೆಂದು ಹೇಳಿಹೋಗಿದ್ದ.

ಸಂಜೆ ಹೊರಡುವಾಗ ಚೆಲುವರಾಜು ಮೂರನ್ನಷ್ಟೇ ತೆಗೆದುಕೊಂಡ. ಮಳವಳ್ಳಿ ಕಡೆಯ ಅವನ ಊರಿನ ಶಿಕಾರಿಯಲ್ಲಿ ತಲೆಗೆ ಮೂರು ಬಾಣ, ಒಬ್ಬನಿಗೆ ಮೂರೇ. ಹೆಚ್ಚು ಹಿಡಿದವನಿಗೆ ತನ್ನ ಗುರಿಯ ಮೇಲೆ ನಂಬಿಕೆಯಿಲ್ಲವೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಗುರುಶಾಂತಪ್ಪ ಹಾವೇರಿ ಕಡೆಯವನು, ವಯಸ್ಸಿನಲ್ಲಿ ದೊಡ್ಡವನು, ಮಾಂಸ ಮುಟ್ಟುವವನಲ್ಲ. ಹಂದಿ ತನ್ನ ಬದನೆ ಗಿಡ ಬಗೆದ ಸಿಟ್ಟಿಗೆ ಒಂದು ಬಡಿಗೆ ಹಿಡಿದು ಹೊರಟಿದ್ದ.

"ಆರೂ ಹಿಡ್ಕೋ ತಮ್ಮಾ. ಉಳದ ಬಾಣ ಏನ್ ಊಟಾ ಕೇಳ್ತಾವೇನು?"

"ಊರಲ್ಲಿ ಗೊತ್ತಾದ್ರೆ ನಗ್ತಾರೆ ಕಣಣ್ಣ."

"ನಿಮ್ಮೂರಿಗೆ ಇಲ್ಲಿಂದು ಕಾಣತೈತೇನು?"

ಚೆಲುವರಾಜು ನಕ್ಕು, ಉಳಿದ ಮೂರನ್ನು ಹೊಲದ ಗುಡಿಸಲಿಗೆ ಒರಗಿಸಿ ನಡೆದ.

ಗುಡ್ಡದ ಕೊರಕಲಿನ ಮೇಲೆ, ಓಕ್ ಮರದ ಕೆಳಗೆ ಕಾದರು. ಬಿಸಿಲು ಇಳಿಯುವ ಹೊತ್ತಿಗೆ ಹಂದಿ ಬಂತು. ಒಂಟಿ ಸಲಗ. ಮೊದಲ ಬಾಣ ಹೊಟ್ಟೆಯ ಹಿಂಬದಿಗೆ ನಾಟಿತು. ಅದು ಓಡಿಹೋಗಲಿಲ್ಲ, ಇವರತ್ತಲೇ ನುಗ್ಗಿತು. ಎರಡನೆಯದು ಗುರಿ ತಪ್ಪಿ ಹುಲ್ಲಿನಲ್ಲೆಲ್ಲೋ ಬಿತ್ತು. ಗುರುಶಾಂತಪ್ಪ ಹಿಂದೆ ಸರಿಯಲು ಹೋಗಿ ಕೊರಕಲಿನ ಅಂಚಿನಲ್ಲಿ ಜಾರಿ ಬಿದ್ದ, ಕಾಲು ಉಳುಕಿತು. ಹಂದಿ ಪಕ್ಕದ ಪೊದೆಗೆ ನುಗ್ಗಿ ಸದ್ದಿಲ್ಲದೆ ನಿಂತಿತು.

ಮೂರನೆಯ ಬಾಣವನ್ನು ಹೆದೆಗೇರಿಸಿದ ಮೇಲೆ ಚೆಲುವರಾಜುವಿಗೆ ಹೊಳೆಯಿತು. ಊರಿನಲ್ಲಿ ತಲೆಗೆ ಮೂರು ಸರಿ, ಆದರೆ ಅಲ್ಲಿ ತಲೆಗಳು ಮೂವತ್ತು. ಜೊತೆಗೆ ನಾಯಿಗಳು, ಬಲೆ. ಒಬ್ಬನ ಬಾಣ ಮುಗಿದರೆ ಪಕ್ಕದವನದು ಇರುತ್ತಿತ್ತು. ಇಲ್ಲಿ ಪಕ್ಕದಲ್ಲಿ ಬಡಿಗೆ ಹಿಡಿದ ಗುರುಶಾಂತಪ್ಪ. ಬಾಣ ಬಿಲ್ಲಿಗೆ ತಗುಲಿ ಕಟಕಟ ಎಂದಿತು. ಆ ಸದ್ದಿಗೂ ಅವನು ಹೆದರಿದ.

ಪೊದೆಯೊಳಗಿನಿಂದ ನರಳಾಟ ಕೇಳಿಸಿತು. ಎಲೆಗಳ ಸಂದಿಯಲ್ಲಿ ಅದರ ಭುಜ ಕಂಡಿತು, ಹತ್ತಿರವೇ. ಏಟು ತಿಂದದ್ದನ್ನು ನರಳಲು ಬಿಟ್ಟು ಬರಬಾರದು, ಮೊದಲ ಬಾಣ ಬಿಟ್ಟವನೇ ಅದರ ಋಣ ತೀರಿಸಬೇಕು ಎಂಬುದೂ ಊರಿನ ಕಟ್ಟಳೆಯೇ. ಅವನು ಹೆದೆ ಎಳೆದ.

"ಬ್ಯಾಡ," ಎಂದ ಗುರುಶಾಂತಪ್ಪ ಪಿಸುದನಿಯಲ್ಲಿ. "ತಪ್ಪಿದ್ರ ನನಗ ಓಡಾಕ ಕಾಲಿಲ್ಲ, ನಿನ್ನ ಕೈಯಾಗ ಏನೂ ಉಳ್ಯಂಗಿಲ್ಲ."

ಹೆದೆ ನಿಧಾನವಾಗಿ ಸಡಿಲವಾಯಿತು. ಗುರುಶಾಂತಪ್ಪ ಅವನ ಸೊಂಟದ ಬೆಲ್ಟು ಹಿಡಿದು ಬಡಿಗೆಯೂರಿ ಕುಂಟುತ್ತ ಇಳಿದ. ಚೆಲುವರಾಜು ಪೊದೆಯತ್ತಲೇ ಮುಖಮಾಡಿ, ಬಾಣ ಹೂಡಿಕೊಂಡೇ, ಹಿಮ್ಮುಖವಾಗಿ ಹೆಜ್ಜೆಯಿಟ್ಟ. ಹುಲ್ಲು ಅಲುಗಿದಾಗೆಲ್ಲ ಇಬ್ಬರೂ ನಿಂತರು.

ಗುರುಶಾಂತಪ್ಪನನ್ನು ಕಾರಿನಲ್ಲಿ ಕೂರಿಸಿದ ಮೇಲೂ ಮೇಲಿನಿಂದ ನರಳಾಟ ಕೇಳುತ್ತಿತ್ತು. ಇನ್ನೂ ಬೆಳಕಿತ್ತು, ಗುಡಿಸಲಿಗೆ ಒರಗಿಸಿದ್ದ ಮೂರು ಬಾಣಗಳೂ ಅಲ್ಲೇ ಇದ್ದವು. ಚೆಲುವರಾಜು ಬೇಲಿಯವರೆಗೆ ಹೋದ, ತಂತಿ ಹಿಡಿದು ನಿಂತ. ಕಾಲು ಮುಂದೆ ಬರಲಿಲ್ಲ. ನಾಳೆ ಬೆಳಿಗ್ಗೆ ಮುದುಕನನ್ನು ಕರೆದುಕೊಂಡು ಬರೋಣವೆಂದು ಗುರುಶಾಂತಪ್ಪ ಕಾರಿನಿಂದ ಕೂಗಿ ಹೇಳಿದ.

"ನಾಳೆತನ್ಕ ಅದು ನರಳ್ತಿರ್ಬೇಕಲ್ಲಣ್ಣ," ಎಂದು ಚೆಲುವರಾಜು ಬಂದು ಕಾರಿನ ಬಾಗಿಲು ಹಾಕಿಕೊಂಡ.